ಕಾವುಪೆಟ್ಟಿಗೆಯಲ್ಲಿ ತೇವಾಂಶ

ಕೋಳಿಮೊಟ್ಟೆಗೆ ಯಂತ್ರದಲ್ಲಿ ಕಾವು ಕೊಟ್ಟು ಮರಿ ಮಾಡಿಸುವಾಗ ಒಳಗಿನ ಗಾಳಿಯಲ್ಲಿರಬೇಕಾದ ನೀರಾವಿ, ಅದರ ಹತೋಟಿ, ಅದು ಹೆಚ್ಚುಕಡಿಮೆಯಾದಾಗ ಮರಿ ಚಿಪ್ಪೊಡೆಯುವ ಹಂತದಲ್ಲಿ ಎದುರಾಗುವ ತೊಡಕುಗಳು. ಕೋಳಿಮೊಟ್ಟೆ ಮರಿಯಾಗಲು 21 ದಿನ ಬೇಕು. ಫ್ಯಾನ್ ಇರುವ ಯಂತ್ರದಲ್ಲಿ ಉಷ್ಣತೆ 37.5ರಿಂದ 37.8 ಡಿಗ್ರಿ ಸೆಲ್ಸಿಯಸ್, ತೇವಾಂಶ ಮೊದಲ 18 ದಿನ ಶೇ. 50ರಿಂದ 60, ಕೊನೆಯ ಮೂರು ದಿನ ಶೇ. 65ರಿಂದ 75 ಇರಬೇಕೆಂದು ಕೈಪಿಡಿಗಳು ಹೇಳುತ್ತವೆ. ಇದು ಒರಟು ಅಂದಾಜು. ಮರಿಯ ಅಳಿವು ಉಳಿವು ನಿಂತಿರುವುದು ಮೊಟ್ಟೆ ಎಷ್ಟು ನೀರು ಕಳೆದುಕೊಂಡಿತು ಎಂಬುದರ ಮೇಲೆ: 18ನೆಯ ದಿನದ ಹೊತ್ತಿಗೆ ಅದರ ತೂಕ ಶೇ. 11ರಿಂದ 13ರಷ್ಟು ಇಳಿದಿರಬೇಕು.

ಚಿಪ್ಪಿನ ಉಸಿರಾಟ

ಕೋಳಿಮೊಟ್ಟೆಯ ಚಿಪ್ಪಿನಲ್ಲಿ ಸುಮಾರು ಹತ್ತು ಸಾವಿರ ಸೂಕ್ಷ್ಮ ರಂಧ್ರಗಳಿವೆ. ಆಮ್ಲಜನಕ ಒಳಹೋಗುವುದೂ ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿ ಹೊರಬರುವುದೂ ಇವುಗಳ ಮೂಲಕವೇ. ಇದರಲ್ಲಿ ಭ್ರೂಣದ ಪ್ರಯತ್ನವೇನೂ ಇಲ್ಲ. ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಅನಿಲಗಳು ತಾವೇ ಹರಡಿಕೊಳ್ಳುತ್ತವೆ. ಇದನ್ನು ಲೆಕ್ಕಕ್ಕೆ ತಂದವರಲ್ಲಿ ಅಮೆರಿಕದ ಬಫಲೋ ನಗರದ ಹರ್ಮನ್ ರಾನ್, ಚಾರ್ಲ್ಸ್ ಪಗನೆಲ್ಲಿ ಮತ್ತು ಇಸ್ರೇಲಿನ ಅಮೋಸ್ ಆರ್ ಮುಖ್ಯರು. 1970ರ ದಶಕದ ಅವರ ಕೆಲಸದ ಪ್ರಕಾರ 60 ಗ್ರಾಮಿನ ಮೊಟ್ಟೆಯೊಂದು ಮರಿಯಾಗುವಷ್ಟರಲ್ಲಿ ಸುಮಾರು 6 ಲೀಟರ್ ಆಮ್ಲಜನಕ ಹೀರಿ, 4.5 ಲೀಟರ್ ಇಂಗಾಲದ ಡೈಆಕ್ಸೈಡನ್ನೂ 11 ಲೀಟರ್ ನೀರಾವಿಯನ್ನೂ ಹೊರಬಿಡುತ್ತದೆ.

ನೀರು ಹೋದ ಜಾಗವನ್ನು ಗಾಳಿ ತುಂಬುತ್ತದೆ. ಮೊಟ್ಟೆಯ ದಪ್ಪ ತುದಿಯಲ್ಲಿ ಎರಡು ಪೊರೆಗಳ ನಡುವೆ ಬೆಳೆಯುವ ಗಾಳಿಕೋಶ ಅದೇ. ಹತ್ತೊಂಬತ್ತು-ಇಪ್ಪತ್ತನೆಯ ದಿನ ಮರಿ ಒಳಪೊರೆ ಹರಿದು ಕೊಕ್ಕನ್ನು ಈ ಕೋಶಕ್ಕೆ ಚಾಚಿ ಮೊದಲ ಸಲ ಶ್ವಾಸಕೋಶದಿಂದ ಉಸಿರಾಡುತ್ತದೆ. ನೀರು ಸಾಕಷ್ಟು ಹೋಗಿರದಿದ್ದರೆ ಗಾಳಿಯೂ ಕಡಿಮೆ, ಮರಿ ತಿರುಗಾಡಲು ಜಾಗವೂ ಕಡಿಮೆ.

ನೀರು ಎಷ್ಟು ಬೇಗ ಹೋಗುತ್ತದೆ ಎಂಬುದನ್ನು ತೀರ್ಮಾನಿಸುವುದು ಒಳಗಿನ ಮತ್ತು ಹೊರಗಿನ ಆವಿಯೊತ್ತಡಗಳ ಅಂತರ. 37.5 ಡಿಗ್ರಿಯಲ್ಲಿ ಮೊಟ್ಟೆಯೊಳಗಿನ ಆವಿಯೊತ್ತಡ ಪಾದರಸದ ಸುಮಾರು 48 ಮಿಲಿಮೀಟರ್. ಪೆಟ್ಟಿಗೆಯಲ್ಲಿ ತೇವಾಂಶ ಶೇ. 55 ಇದ್ದರೆ ಹೊರಗಿನದು 26ರಿಂದ 27. ಉಳಿದ ಇಪ್ಪತ್ತೆರಡೇ ನೀರನ್ನು ಹೊರಗೆಳೆಯುವ ಬಲ.

ಊರಿನ ಹವೆ

ಕೋಣೆಯ ಗೋಡೆಯಲ್ಲಿ ತೂಗುಹಾಕಿದ ತೇವಮಾಪಕ ನೋಡಿ ಪೆಟ್ಟಿಗೆಗೆ ನೀರಿಡುವವರು ಸಾಮಾನ್ಯವಾಗಿ ಎಡವುವುದು ಇಲ್ಲಿ. ಗಾಳಿಯನ್ನು ಕಾಯಿಸಿದರೆ ಅದರಲ್ಲಿರುವ ನೀರು ಅಷ್ಟೇ ಇದ್ದು ಶೇಕಡಾವಾರು ತೇವ ಕುಸಿಯುತ್ತದೆ. ಆಟಿ ತಿಂಗಳ ಮಳೆಯಲ್ಲಿ ಮಂಗಳೂರಿನ ಗಾಳಿ 27 ಡಿಗ್ರಿಯಲ್ಲಿ ಶೇ. 90 ತೇವ ಹೊತ್ತಿದೆ ಎನ್ನೋಣ. ಅದನ್ನು 37.5ಕ್ಕೆ ಕಾಯಿಸಿದರೆ ಶೇ. 50 ಉಳಿಯುತ್ತದೆ, ಅಂದರೆ ತಟ್ಟೆಗೆ ಒಂದು ಹನಿ ನೀರು ಹಾಕದೆಯೇ ಮೊದಲ 18 ದಿನ ಕಳೆಯಬಹುದು. ಬೆಂಗಳೂರಿನ ಜನವರಿಯ ಮುಂಜಾನೆ, 15 ಡಿಗ್ರಿ, ಶೇ. 80 ತೇವ: ಕಾಯಿಸಿದ ಮೇಲೆ ಉಳಿಯುವುದು ಶೇ. 21. ರಾಯಚೂರಿನ ಏಪ್ರಿಲ್ ಮಧ್ಯಾಹ್ನದ 40 ಡಿಗ್ರಿ, ಶೇ. 20ರ ಗಾಳಿ ಪೆಟ್ಟಿಗೆಯಲ್ಲಿ 37.5ಕ್ಕೆ ಬಂದರೆ ಶೇ. 23. ಮಂಜು ಕವಿದ ಬೆಂಗಳೂರೂ ಸುಡುವ ರಾಯಚೂರೂ ಮೊಟ್ಟೆಯ ಪಾಲಿಗೆ ಒಂದೇ ಬಗೆಯ ಒಣಹವೆ. (ರಾಯಚೂರಿನಲ್ಲಿ ತೇವಕ್ಕಿಂತ ಮೊದಲು ಕೋಣೆಯನ್ನೇ ತಂಪು ಮಾಡಬೇಕಾಗುತ್ತದೆ, ಅದು ಬೇರೆ ಮಾತು.)

ಎತ್ತರಕ್ಕೂ ಪಾಲಿದೆ. ಗಾಳಿಯ ಒತ್ತಡ ಇಳಿದಂತೆ ನೀರಾವಿ ರಂಧ್ರಗಳಲ್ಲಿ ವೇಗವಾಗಿ ಹರಡುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿರುವ ಬೆಂಗಳೂರಿನಲ್ಲಿ ಮೊಟ್ಟೆ ಅದೇ ತೇವಾಂಶದಲ್ಲಿ ಕರಾವಳಿಗಿಂತ ಹತ್ತರಲ್ಲೊಂದು ಪಾಲು ಹೆಚ್ಚು ನೀರು ಕಳೆದುಕೊಳ್ಳಬೇಕೆಂದು ಲೆಕ್ಕ ಹೇಳುತ್ತದೆ. ಸಮತಟ್ಟು ನಾಡುಗಳಿಗೆ ಬರೆದ ಕೈಪಿಡಿಯ ಅಂಕಿಯನ್ನು ಇಲ್ಲಿ ಸ್ವಲ್ಪ ಮೇಲಕ್ಕೆ ಸರಿಸಿಕೊಳ್ಳುವುದು ಲೇಸು.

ಅಳತೆ ಮತ್ತು ಹತೋಟಿ

ಎಲ್ಲಕ್ಕಿಂತ ನಂಬಿಕಸ್ತ ಸಾಧನ ತಕ್ಕಡಿ. ಹತ್ತು ಮೊಟ್ಟೆಗಳ ತೂಕ ಮೊದಲ ದಿನ 550 ಗ್ರಾಂ ಇದ್ದರೆ ಒಂಬತ್ತನೆಯ ದಿನ 517ರ ಆಸುಪಾಸಿರಬೇಕು, 18ನೆಯ ದಿನ 484. ನಡುವೆ ತೂಕ ಹೆಚ್ಚು ಇಳಿದಿದ್ದರೆ ನೀರಿನ ತಟ್ಟೆ ದೊಡ್ಡದು ಮಾಡಬೇಕು, ಇಳಿದದ್ದು ಸಾಲದಿದ್ದರೆ ತಟ್ಟೆ ತೆಗೆಯಬೇಕು. ಮೊದಲ ವಾರದ ತಪ್ಪನ್ನು ಎರಡನೆಯ ವಾರದಲ್ಲಿ ಬಹುಮಟ್ಟಿಗೆ ಸರಿದೂಗಿಸಬಹುದು. ಲೆಕ್ಕಕ್ಕೆ ಬರುವುದು ನೀರಿನ ಆಳವಲ್ಲ, ಗಾಳಿಗೆ ತೆರೆದ ಮೈ; ಆಳದ ಲೋಟಕ್ಕಿಂತ ಅಗಲದ ತಟ್ಟೆ, ಅದರಲ್ಲೊಂದು ಸ್ಪಂಜಿನ ತುಂಡು ಇದ್ದರೆ ತೇವ ಬೇಗ ಏರುತ್ತದೆ. ತೇವ ಹಿಡಿದಿಡಲೆಂದು ಗಾಳಿಕಿಂಡಿ ಮುಚ್ಚುವ ಅಭ್ಯಾಸ ಕೆಟ್ಟದ್ದು. ಆಮ್ಲಜನಕದ ಬೇಡಿಕೆ ಹೆಚ್ಚಿರುವುದೇ ಕೊನೆಯ ದಿನಗಳಲ್ಲಿ.

ಹಳೆಯ ಹ್ಯಾಚರಿಗಳಲ್ಲಿ ಇಂದಿಗೂ ಒದ್ದೆಬುರುಡೆಯ ಉಷ್ಣಮಾಪಕವನ್ನೇ ನೆಚ್ಚುವವರಿದ್ದಾರೆ. ಒಣಬುರುಡೆ 37.5 ತೋರುವಾಗ ಒದ್ದೆಬುರುಡೆ 29 ಇದ್ದರೆ ತೇವಾಂಶ ಸುಮಾರು ಶೇ. 53, 30 ಇದ್ದರೆ 58, 33 ಇದ್ದರೆ 73. ಒದ್ದೆಬುರುಡೆಗೆ ಸುತ್ತಿದ ಬತ್ತಿಗೆ ಕೊಳವೆಬಾವಿಯ ಗಡಸು ನೀರು ಹಾಕಿದರೆ ಉಪ್ಪು ಕಟ್ಟಿ ಬತ್ತಿ ಒಣಗುತ್ತದೆ, ಇಲ್ಲದ ತೇವವನ್ನು ಇದೆಯೆಂದು ತೋರಿಸುತ್ತದೆ. ಅಗ್ಗದ ಡಿಜಿಟಲ್ ಮಾಪಕವನ್ನು ಪರೀಕ್ಷಿಸದೆ ನಂಬಬಾರದು. ಸಣ್ಣ ಬಟ್ಟಲಲ್ಲಿ ಅಡುಗೆ ಉಪ್ಪನ್ನು ನೀರು ಬೆರೆಸಿ ಗಂಜಿಯಷ್ಟು ಮಂದ ಮಾಡಿ, ಮಾಪಕದ ಜೊತೆ ಬಿಗಿ ಡಬ್ಬಿಯಲ್ಲಿಟ್ಟರೆ ಕೆಲವು ಗಂಟೆಗಳಲ್ಲಿ ಒಳಗಿನ ತೇವ ಶೇ. 75ಕ್ಕೆ ನಿಲ್ಲುತ್ತದೆ. ಮಾಪಕ ಬೇರೆ ಅಂಕಿ ತೋರಿಸಿದರೆ ಆ ವ್ಯತ್ಯಾಸವನ್ನು ಅದರ ಬೆನ್ನ ಮೇಲೇ ಬರೆದಿಡುವುದು ಒಳ್ಳೆಯದು.

ಇತಿಹಾಸ

ಈಜಿಪ್ಟಿನ ಮಣ್ಣಿಟ್ಟಿಗೆಯ ಕಾವುಗೂಡುಗಳು ಬಹು ಪ್ರಾಚೀನ. ಅಲ್ಲಿನ ಕಸುಬುದಾರರು ಮೊಟ್ಟೆಯನ್ನು ಕಣ್ಣರೆಪ್ಪೆಗೆ ತಾಗಿಸಿ ಬಿಸಿ ಅಳೆಯುತ್ತಿದ್ದರು. ಫ್ರಾನ್ಸಿನ ರಿಯೊಮುರ್ 1749ರಲ್ಲಿ ಈ ವಿದ್ಯೆಯ ಬಗ್ಗೆ ಪುಸ್ತಕ ಪ್ರಕಟಿಸಿದ. ದೊಡ್ಡ ತಿರುವು 1918ರದು. ಆ ವರ್ಷ ಅಮೆರಿಕದ ಸ್ಯಾಮ್ಯುಯೆಲ್ ಸ್ಮಿತ್, ಬೇರೆಬೇರೆ ವಯಸ್ಸಿನ ಮೊಟ್ಟೆಗಳನ್ನು ಒಂದೇ ಕೋಣೆಯಲ್ಲಿಟ್ಟು, ಬಲಿತ ಮೊಟ್ಟೆಗಳು ಸೂಸುವ ಶಾಖವನ್ನು ಬೀಸುಗಾಳಿಯ ಮೂಲಕ ಎಳೆಯ ಮೊಟ್ಟೆಗಳಿಗೆ ಒಯ್ಯುವ ಕ್ರಮಕ್ಕೆ ಪೇಟೆಂಟ್ ಪಡೆದ. ಹಕ್ಕಿನ ಜಗಳ ಸುಪ್ರೀಂ ಕೋರ್ಟಿನವರೆಗೆ ಹೋಗಿ 1935ರಲ್ಲಿ ಸ್ಮಿತ್ ಪರ ತೀರ್ಪಾಯಿತು. ಬೀಸುಗಾಳಿ ಬಂದ ಮೇಲೆ ಪೆಟ್ಟಿಗೆಯ ಮೇಲೂ ಕೆಳಗೂ ಬಿಸಿ, ತೇವಗಳು ಒಂದೇ ಸಮ ಇರುವುದು ಸಾಧ್ಯವಾಯಿತು. ಕರ್ನಾಟಕದಲ್ಲಿ ಹೆಸರಘಟ್ಟದ ಕೇಂದ್ರ ಕೋಳಿ ಅಭಿವೃದ್ಧಿ ಸಂಸ್ಥೆ ಈ ಕ್ಷೇತ್ರದ ತರಬೇತಿಗೆ ಹೆಸರಾಗಿದೆ.

ಮರಿ ಒಡೆಯುವಾಗಿನ ತೊಡಕುಗಳು

ಒಡೆಯದೆ ಉಳಿದ ಮೊಟ್ಟೆಗಳನ್ನು ಎಸೆಯುವ ಮೊದಲು ಒಡೆದು ನೋಡಬೇಕು. ತೇವ ಹೆಚ್ಚಾಗಿದ್ದಲ್ಲಿ ಗಾಳಿಕೋಶ ಚಿಕ್ಕದಿರುತ್ತದೆ, ಮರಿ ಊದಿಕೊಂಡು ಲೋಳೆಯಲ್ಲಿ ಮುಳುಗಿದಂತಿರುತ್ತದೆ. ಹೊರಬಂದ ಮರಿಗಳ ಹೊಟ್ಟೆ ಮೆತ್ತಗೆ, ಹೊಕ್ಕುಳು ಹಸಿ. ಕಡಿಮೆಯಾಗಿದ್ದಲ್ಲಿ ಗಾಳಿಕೋಶ ದೊಡ್ಡದು, ಮರಿ ಸಣ್ಣದು, ಪೊರೆ ಒಣ ಕಾಗದದಂತೆ ಮೈಗಂಟಿ, ಚಿಪ್ಪಿಗೆ ತೂತು ಮಾಡಿದ ಮರಿ ತಿರುಗಲಾಗದೆ ಅಲ್ಲೇ ಸಾಯುತ್ತದೆ. ಆದರೆ ಉಷ್ಣತೆಯ ತಪ್ಪೂ ಇದೇ ವೇಷದಲ್ಲಿ ಬರುವುದುಂಟು: ಬಿಸಿ ಕಡಿಮೆಯಾದರೆ ಮರಿ ತಡವಾಗಿ, ಊದಿಕೊಂಡು ಹುಟ್ಟುತ್ತದೆ, ಹೆಚ್ಚಾದರೆ ಬೇಗ, ಸಣ್ಣದಾಗಿ, ಹೊಕ್ಕುಳು ಮುಚ್ಚದೆ. ಆದ್ದರಿಂದ ತೂಕದ ದಾಖಲೆ ಇಲ್ಲದೆ ತೇವದ ಮೇಲೆ ಅಪವಾದ ಹೊರಿಸುವುದು ಆತುರವಾದೀತು. ಮೊದಲ ವಾರದಲ್ಲೇ ಸತ್ತ ಭ್ರೂಣಗಳಿಗೆ ತೇವ ಸಾಮಾನ್ಯವಾಗಿ ಕಾರಣವಲ್ಲ. ಹಳಸಿದ ಮೊಟ್ಟೆ, ತಾಯಿಕೋಳಿಯ ಪೋಷಣೆ, ಬಿಸಿಯ ಏರುಪೇರುಗಳನ್ನು ಅಲ್ಲಿ ಹುಡುಕಬೇಕು. ಚೂಪು ತುದಿಯ ಕಡೆ ತಲೆ ಹಾಕಿ ಸತ್ತ ಮರಿಗಳು ಹೆಚ್ಚಿದ್ದರೆ ಮೊಟ್ಟೆಯನ್ನು ತಲೆಕೆಳಗಾಗಿ ಜೋಡಿಸಿರಬಹುದು.

18ನೆಯ ದಿನ ಮೊಟ್ಟೆ ತಿರುಗಿಸುವುದನ್ನು ನಿಲ್ಲಿಸಿ, ತೇವ ಏರಿಸಿ, ಬಾಗಿಲು ಮುಚ್ಚಬೇಕು. ಆಮೇಲೆ ಕುತೂಹಲಕ್ಕೆ ತೆರೆದರೆ ತೇವ ಕ್ಷಣದಲ್ಲಿ ಇಳಿದು, ತೂತು ಬಿದ್ದ ಮೊಟ್ಟೆಗಳ ಪೊರೆ ಬಿಗಿಯುತ್ತದೆ. ತೂತು ಕಂಡ ಮೇಲೆ ಮರಿ ಅರ್ಧ ದಿನ, ಕೆಲವೊಮ್ಮೆ ಇಡೀ ದಿನ ಸುಮ್ಮನಿರುವುದು ಸಹಜ. ಆ ಹೊತ್ತಿನಲ್ಲಿ ಪೊರೆಯ ರಕ್ತ ಮೈಗೆ ಹಿಂದಿರುಗಿ, ಹಳದಿಯ ಚೀಲ ಹೊಟ್ಟೆಯೊಳಕ್ಕೆ ಸೇರುವ ಕೆಲಸ ಮುಗಿಯುತ್ತಿರುತ್ತದೆ. ಚಿಪ್ಪು ಬಿಡಿಸಲು ಕೈಹಾಕಿದವರು ರಕ್ತದ ಗೆರೆ ಕಂಡ ಕೂಡಲೇ ನಿಲ್ಲಿಸಬೇಕು. ಮೊದಲು ಹುಟ್ಟಿದ ಮರಿಗೆ ಹಸಿವೆಯೆಂದು ಬಾಗಿಲು ತೆರೆಯುವ ಅಗತ್ಯವೂ ಇಲ್ಲ. ಹೊಟ್ಟೆಯಲ್ಲಿರುವ ಹಳದಿ ಎರಡು ದಿನಕ್ಕೆ ಸಾಕು. ಹ್ಯಾಚರಿಗಳು ಅಂದೇ ಹುಟ್ಟಿದ ಮರಿಗಳನ್ನು ಮೇವು-ನೀರಿಲ್ಲದೆ ರಟ್ಟಿನ ಪೆಟ್ಟಿಗೆಯಲ್ಲಿ ದೂರದೂರಿಗೆ ಕಳಿಸುತ್ತಿರುವುದೂ ಅದರ ಬಲದಿಂದಲೇ.