ವಾಯುಮಂಡಲದ ಉಗಮ ಹಾಗೂ ಪ್ರಸ್ತುತ ಬದಲಾವಣೆಗಳು: ಕುಟ್ಟ ಪ್ರದೇಶದ ಸಾರ್ವಜನಿಕರಿಗೆ ಮಾಹಿತಿ

ಭೂಮಿಯನ್ನು ಆವರಿಸಿರುವ ಗಾಳಿಯ ಹೊದಿಕೆಯನ್ನು ವಾಯುಮಂಡಲವೆಂದು ಕರೆಯಲಾಗುತ್ತದೆ. ಒಣ ಗಾಳಿಯಲ್ಲಿ ಸಾರಜನಕವು ಶೇ. 78, ಆಮ್ಲಜನಕವು ಶೇ. 21ರಷ್ಟಿದ್ದು, ಉಳಿದ ಅಲ್ಪ ಭಾಗದಲ್ಲಿ ಆರ್ಗಾನ್, ಇಂಗಾಲದ ಡೈಆಕ್ಸೈಡ್ ಮುಂತಾದ ಅನಿಲಗಳಿವೆ. ಈ ಪ್ರಮಾಣವು ಆದಿಯಿಂದಲೂ ಇದ್ದುದಲ್ಲ.

ಸುಮಾರು 450 ಕೋಟಿ ವರ್ಷಗಳ ಹಿಂದೆ ಭೂಮಿಯು ರೂಪುಗೊಂಡ ತರುವಾಯ, ಜ್ವಾಲಾಮುಖಿಗಳಿಂದ ಹೊರಬಂದ ನೀರಾವಿ, ಇಂಗಾಲದ ಡೈಆಕ್ಸೈಡ್ ಹಾಗೂ ಸಾರಜನಕಗಳು ಭೂಮಿಯನ್ನು ಆವರಿಸಿದವು. ಭೂಮಿಯು ತಣಿದಂತೆ ನೀರಾವಿಯು ಮಳೆಯಾಗಿ ಸುರಿದು ಸಾಗರಗಳು ಉಂಟಾದವು. ಕೊಡಗಿನ ನೆಲದಡಿಯ ಶಿಲೆಗಳಲ್ಲಿ ಹಲವು 300 ಕೋಟಿ ವರ್ಷಗಳಿಗೂ ಹಳೆಯವು. ಅವು ರೂಪುಗೊಂಡ ಕಾಲದಲ್ಲಿ ಉಸಿರಾಡತಕ್ಕ ಗಾಳಿಯೇ ಇರಲಿಲ್ಲ. ಸಮುದ್ರದ ಸೂಕ್ಷ್ಮಜೀವಿಗಳು ಬಿಸಿಲಿನ ನೆರವಿನಿಂದ ಆಮ್ಲಜನಕವನ್ನು ಬಿಡತೊಡಗಿದಾಗ, ಅದು ಮೊದಲು ನೀರಿನಲ್ಲಿ ಕರಗಿದ್ದ ಕಬ್ಬಿಣದೊಡನೆ ಸೇರಿ ತಳದಲ್ಲಿ ಪದರಪದರವಾಗಿ ನೆಲೆಗೊಂಡಿತೆಂಬುದು ಪ್ರಚಲಿತ ವಿವರಣೆ. ಬಳ್ಳಾರಿ ಜಿಲ್ಲೆಯ ಸಂಡೂರಿನ ಕಬ್ಬಿಣದ ಅದಿರು ಇಂತಹ ಪದರಶಿಲೆಗಳಿಂದಲೇ ದೊರೆಯುತ್ತಿದೆ. ಗಾಳಿಯಲ್ಲಿ ಆಮ್ಲಜನಕದ ಸಂಗ್ರಹ ಆರಂಭವಾದುದು ಸುಮಾರು 240 ಕೋಟಿ ವರ್ಷಗಳ ಹಿಂದೆ.

ಇದಕ್ಕೆ ಹೋಲಿಸಿದಲ್ಲಿ ಇಂದಿನ ಬದಲಾವಣೆಯ ವೇಗವು ಅಸಾಧಾರಣವಾದುದು. 1750ರ ಸುಮಾರಿಗೆ ಹತ್ತು ಲಕ್ಷ ಭಾಗ ಗಾಳಿಯಲ್ಲಿ 280 ಭಾಗದಷ್ಟಿದ್ದ ಇಂಗಾಲದ ಡೈಆಕ್ಸೈಡ್, 2024ರಲ್ಲಿ 420 ಭಾಗವನ್ನು ಮೀರಿದೆ. ಕಲ್ಲಿದ್ದಲು, ತೈಲಗಳ ದಹನ ಹಾಗೂ ಅರಣ್ಯನಾಶ ಇದಕ್ಕೆ ಮುಖ್ಯ ಕಾರಣಗಳು. ಪ್ರಮಾಣ ಅಲ್ಪವೆಂದು ಕಡೆಗಣಿಸುವಂತಿಲ್ಲ. ಭೂಮಿಯಿಂದ ಹೊರಹೋಗುವ ಶಾಖವನ್ನು ತಡೆಹಿಡಿಯುವುದು ನೀರಾವಿ ಹಾಗೂ ಇಂತಹ ಅನಿಲಗಳೇ ಹೊರತು ಸಾರಜನಕ, ಆಮ್ಲಜನಕಗಳಲ್ಲ. ಗಾಳಿಯ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದಲ್ಲಿ ಅದು ಶೇ. 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿದಿಡಬಲ್ಲದು. ಆದುದರಿಂದ ಅಲ್ಪಾವಧಿಯಲ್ಲಿ ಭಾರಿ ಮಳೆ ಸುರಿಯುವ ಸಂಭವ ಹೆಚ್ಚುತ್ತದೆ.

ಪೊನ್ನಂಪೇಟೆ ತಾಲ್ಲೂಕಿನ ಕುಟ್ಟದಲ್ಲಿ ಈ ವಿಷಯವು ನೇರವಾಗಿ ಕಾಫಿ ತೋಟಕ್ಕೆ ಸಂಬಂಧಿಸಿದೆ. ರೊಬಸ್ಟಾ ಗಿಡಗಳಿಗೆ ಫೆಬ್ರವರಿ-ಮಾರ್ಚ್ ತಿಂಗಳ ಹೂಮಳೆ ಅಗತ್ಯ. ಅದೇ ಮಳೆ ಜನವರಿಯಲ್ಲಿ ಬಂದರೆ ಹಣ್ಣು ಉದುರುತ್ತದೆ, ಕೊಯ್ದ ಕಾಫಿ ಕಣದಲ್ಲಿ ಒಣಗುವುದಿಲ್ಲ, ಹೂವೂ ಅಕಾಲದಲ್ಲಿ ಅರಳುತ್ತದೆ. 2021ರ ಜನವರಿಯಲ್ಲಿ ಕೊಡಗಿನ ಬೆಳೆಗಾರರು ಇಂತಹ ಅಕಾಲಿಕ ಮಳೆಯಿಂದ ನಷ್ಟ ಅನುಭವಿಸಿದರು. ಯಾವುದೇ ಒಂದು ವರ್ಷದ ಮಳೆಗೆ ವಾಯುಮಂಡಲದ ಬದಲಾವಣೆಯೊಂದೇ ಕಾರಣವೆಂದು ಹೇಳಲಾಗದು. ಜಿಲ್ಲೆಯಲ್ಲಿ 2018ರ ಆಗಸ್ಟ್‌ನಲ್ಲಿ ಸಂಭವಿಸಿದ ಭೂಕುಸಿತಗಳಲ್ಲಿಯೂ ಭಾರಿ ಮಳೆಯೊಡನೆ ಗುಡ್ಡ ಅಗೆತ ಹಾಗೂ ಭೂಬಳಕೆಯ ಬದಲಾವಣೆಗಳ ಪಾತ್ರವಿತ್ತು.

ಅತಿವೃಷ್ಟಿಯಿಂದ ಬೆಳೆ ಹಾನಿಯಾದಲ್ಲಿ ವಿಳಂಬವಿಲ್ಲದೆ ಗ್ರಾಮ ಆಡಳಿತಾಧಿಕಾರಿಗಳ ಗಮನಕ್ಕೆ ತರತಕ್ಕದ್ದು. ವಿಪತ್ತು ಪರಿಹಾರ ಮಾನದಂಡಗಳನ್ವಯ ಶೇ. 33 ಹಾಗೂ ಅದಕ್ಕೂ ಹೆಚ್ಚಿನ ನಷ್ಟವನ್ನು ಮಾತ್ರ ಪರಿಗಣಿಸಲಾಗುವುದು.