ಸ್ವಾಮಿಮಲೈಯ ಎರಕದ ಮನೆತನಗಳು

ಕುಂಭಕೋಣದ ಪಕ್ಕದ ಸ್ವಾಮಿಮಲೈಯಲ್ಲಿ ಸ್ಥಪತಿ ಮನೆತನಗಳು ಚೋಳರ ಕಾಲದ ಲೋಹಶಿಲ್ಪ ಪರಂಪರೆಯನ್ನು ಇಂದಿಗೂ ನಡೆಸುತ್ತಿವೆ. 10ನೇ ಶತಮಾನದಲ್ಲಿ ರಾಣಿ ಸೆಂಬಿಯನ್ ಮಹಾದೇವಿಯ ಆಶ್ರಯದಲ್ಲಿ ಈ ಕಲೆಗೆ ಹೊಸ ಹುರುಪು ಬಂತು. ಗರ್ಭಗುಡಿಯ ಶಿಲಾಮೂರ್ತಿ ಕದಲದು. ಬೀದಿಗೆ ಬರುವ ದೇವರಿಗೆ ಪಂಚಲೋಹದ ಉತ್ಸವಮೂರ್ತಿಯೇ ಬೇಕಾಯಿತು.

ಮೂರ್ತಿಯ ಅಳತೆಗೆ ಇಲ್ಲಿ ತೆಂಗಿನ ಗರಿಯ ಪಟ್ಟಿಯೇ ಸಾಕು: ಮೂರ್ತಿಯ ಎತ್ತರಕ್ಕೆ ಕತ್ತರಿಸಿ, ಶಿಲ್ಪಶಾಸ್ತ್ರದ ತಾಳಮಾನದಂತೆ ಮಡಚಿದರೆ ಅಂಗಾಂಗಗಳ ಪ್ರಮಾಣ ಸಿಗುತ್ತದೆ. ಜೇನುಮೇಣಕ್ಕೆ ರಾಳ, ಎಣ್ಣೆ ಬೆರೆಸಿ ಮೂರ್ತಿಯ ಮಾದರಿ ತಿದ್ದುತ್ತಾರೆ. ಅದಕ್ಕೆ ಮೊದಲು ಕಾವೇರಿಯ ನುಣ್ಣನೆಯ ಮೆಕ್ಕಲು, ಮೇಲೆ ಒರಟು ಮಣ್ಣು ಮೆತ್ತಿ, ಕಬ್ಬಿಣದ ತಂತಿ ಬಿಗಿದು ಒಣಗಿಸುತ್ತಾರೆ. ಕಾಯಿಸಿದಾಗ ಮೇಣ ಕರಗಿ ಹೊರಬೀಳುತ್ತದೆ, ಆ ಪೊಳ್ಳಿಗೆ ಲೋಹ ಹೊಯ್ಯುತ್ತಾರೆ. ಮೂರ್ತಿ ತೆಗೆಯಲು ಮಣ್ಣಿನ ಅಚ್ಚನ್ನು ಒಡೆಯಲೇಬೇಕು. ಹಾಗಾಗಿ ಒಂದರಂತೆ ಇನ್ನೊಂದಿಲ್ಲ. ಉತ್ತರದ ಪೊಳ್ಳು ಎರಕಗಳಿಗಿಂತ ಇವು ಭಾರ, ಒಳಗೆಲ್ಲ ಘನ.

ಈ ವಿಧಾನ ತಮಿಳುನಾಡಿನದಷ್ಟೇ ಅಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದ ‘ಮಾನಸೋಲ್ಲಾಸ’ದಲ್ಲಿ ಮೇಣದೆರಕವನ್ನು ವಿವರಿಸಿದ್ದಾನೆ. ಮೇಣವನ್ನು ಮೊದಲೇ ತೂಗಿ, ಅದರ 12 ಪಟ್ಟು ಬೆಳ್ಳಿ ಅಥವಾ 16 ಪಟ್ಟು ಚಿನ್ನ ತೆಗೆದುಕೊಳ್ಳಬೇಕೆಂಬ ಲೆಕ್ಕ ಅಲ್ಲಿದೆ. ಅರಸನ ಗ್ರಂಥದಲ್ಲಿ ಕಮ್ಮಟದ ಮಾತು ಅಪರೂಪವೇ.

ಎರಕವಾದ ಮೇಲೆ ಉಳಿ, ಅರಗಳ ಕೆಲಸ ವಾರಗಟ್ಟಲೆ ಹಿಡಿಯುತ್ತದೆ. ಕಣ್ಣು ಬಿಡಿಸುವುದು ಕೊನೆಗೆ.