ಸಂನ್ಯಾಸಿನಿಯರ ಕೊಡುಗೆ

ಮಕ್ಕಳಾಗದ ಹೆಣ್ಣನ್ನು ‘ಬಂಜೆ’ ಎಂದು ಕರೆದು ಕೈತೊಳೆದುಕೊಂಡ ಸಮಾಜ ನಮ್ಮದು. ಭಾಷೆಯನ್ನೇ ಬೋಧಿಸಿ ಮುದುಕನಾದ ನನಗೆ ಇಷ್ಟು ನಿಷ್ಠುರವಾದ ಇನ್ನೊಂದು ಪದ ನೆನಪಿಗೆ ಬಾರದು. ಅದರಲ್ಲಿ ತೀರ್ಪು ಉಂಟು, ಕಾರಣವಿಲ್ಲ. ಕಾರಣವನ್ನು ಅರಸಿದವರು ವಿಜ್ಞಾನಿಗಳು.

ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಹಾರ್ಮೋನುಗಳು ಪ್ರೇರಿಸಿದರೆ ಮಾತ್ರ ಅಂಡಾಶಯದಲ್ಲಿ ಅಂಡವು ಪಕ್ವವಾಗಿ ಹೊರಬರುತ್ತದೆ. ಕೆಲವು ಸ್ತ್ರೀಯರಲ್ಲಿ ಈ ಪ್ರೇರಣೆ ಸಾಲದು. ಮುಟ್ಟು ನಿಂತವರಲ್ಲಾದರೋ ಇವೇ ಹಾರ್ಮೋನುಗಳು ಹೇರಳವಾಗಿ ಸ್ರವಿಸಿ, ಮೂತ್ರದೊಡನೆ ಹೊರಹೋಗುತ್ತವೆ. 1949ರಲ್ಲಿ ರೋಮ್ ನಗರದ ರಸಾಯನವಿಜ್ಞಾನಿ ಪಿಯೆರೊ ಡೊನಿನಿ ಅವನ್ನು ಮೂತ್ರದಿಂದ ಬೇರ್ಪಡಿಸಿದರು. ಮುಂದೆ ಔಷಧಿ ತಯಾರಿಸಲು ಬೇಕಾದ ಮೂತ್ರವನ್ನು ಒದಗಿಸಿದವರು ಇಟಲಿಯ ಮಠಗಳಲ್ಲಿದ್ದ ವೃದ್ಧ ಕ್ರೈಸ್ತ ಸಂನ್ಯಾಸಿನಿಯರು! ವೈದ್ಯ ಬ್ರೂನೊ ಲುನೆನ್‌ಫೆಲ್ಡ್ ಅವರ ಚಿಕಿತ್ಸೆಯ ಫಲವಾಗಿ 1962ರಲ್ಲಿ ಇಸ್ರೇಲಿನಲ್ಲಿ ಮೊದಲ ಮಗು ಜನಿಸಿತು.

ಈ ಔಷಧಿ ಎಲ್ಲರಿಗೂ ಫಲಿಸುವುದಿಲ್ಲ. ಅವಳಿ ಗರ್ಭದ, ಅಂಡಾಶಯ ಊದಿಕೊಳ್ಳುವ ಅಪಾಯಗಳೂ ಇವೆ. ದೋಷವು ಗಂಡಸಿನಲ್ಲಿರುವುದೂ ಉಂಟು. ಆದರೂ, ತಾಯ್ತನವನ್ನು ತೊರೆದವರು ತಾಯಾಗಬಯಸಿದವರಿಗೆ ನೆರವಾದರೆಂಬುದು ಮನಸ್ಸನ್ನು ಮುಟ್ಟುವ ಸಂಗತಿ. ಇದನ್ನರಿತ ಮೇಲೂ ಆ ಹಳೆಯ ಪದವನ್ನು ನಾಲಗೆಯ ಮೇಲೆ ಉಳಿಸಿಕೊಳ್ಳುವುದು ನಮಗೆ ಶೋಭಿಸದು.